ಸೊಡರಿನಿಂದ ಒಲೆಗೆ: ಕನ್ನಡ ನಾಡಿನ ಎಣ್ಣೆಕಾಳುಗಳ ಚರಿತ್ರೆ

ಕರ್ನಾಟಕದ ಮಧ್ಯಯುಗದ ಶಾಸನಗಳಲ್ಲಿ ಎಣ್ಣೆಯ ಮಾತು ಬಂದಲ್ಲಿ ಬಹುಮಟ್ಟಿಗೆ ದೀಪದ ಮಾತೂ ಜೊತೆಗೇ ಬರುತ್ತದೆ. ಗರ್ಭಗುಡಿಯಲ್ಲಿ ಹಗಲಿರುಳು ಆರದೆ ಉರಿಯಬೇಕಾದ ನಂದಾದೀವಿಗೆಗೆ ಇಂತಿಷ್ಟು ಎಣ್ಣೆಯೆಂದು ದಾನ ಬಿಟ್ಟವರಲ್ಲಿ ಅರಸರು, ಸಾಮಂತರು ಮಾತ್ರವಲ್ಲದೆ ಎಣ್ಣೆ ತೆಗೆಯುವ ಕಸುಬಿನವರೂ ಇದ್ದರು. ಅವರು ತಮ್ಮ ಗಾಣವೊಂದಕ್ಕೆ ಒಂದು ಸೊಲ್ಲಿಗೆ, ಒಂದು ಮಾನ ಎಂಬ ಅಂದಿನ ಅಳತೆಗಳಲ್ಲಿ ಎಣ್ಣೆಯನ್ನು ದೇವರಿಗೆ ಮೀಸಲಿಡಲು ಒಪ್ಪಿಕೊಂಡದ್ದನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಕಲ್ಯಾಣದ ಚಾಲುಕ್ಯರ ಕಾಲದ ಬರಹಗಳು ಈ ಕಸುಬಿನವರನ್ನು ತೆಲ್ಲಿಗರೆಂದು ಕರೆದು, ‘ಐವತ್ತೊಕ್ಕಲು’ ಎಂಬ ಅವರ ಸಂಘವನ್ನು, ಎಂದರೆ ಐವತ್ತು ಮನೆತನಗಳ ಹೆಸರಿನಲ್ಲಿ ನಡೆಯುತ್ತಿದ್ದ ಕೂಟವನ್ನು ಹೆಸರಿಸುತ್ತವೆ. ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿ ಗಾಣದ ಕಣ್ಣಪ್ಪನ ಹೆಸರಿದೆ. ಹೊಯ್ಸಳರ ಮತ್ತು ವಿಜಯನಗರದ ಕಾಲದಲ್ಲಿ ‘ಗಾಣದೆರೆ’ ಎಂಬ ತೆರಿಗೆಯೇ ಇತ್ತು. ಇಷ್ಟು ದೊಡ್ಡದಾಗಿದ್ದ ಕಸುಬು ಮುಖ್ಯವಾಗಿ ಬೆಳಕಿಗಾಗಿ ದುಡಿಯುತ್ತಿತ್ತೆಂಬುದನ್ನು ಮರೆತರೆ, ಇಂದು ಆರೋಗ್ಯಕರ ಕೊಬ್ಬಿನ ಮೂಲಗಳೆಂದು ಎಣಿಸಲಾಗುವ ಎಣ್ಣೆಕಾಳುಗಳು ಕನ್ನಡಿಗರ ಊಟದೊಳಗೆ ಬಂದ ದಾರಿ ಅರ್ಥವಾಗುವುದಿಲ್ಲ.

ಕೊಬ್ಬನ್ನು ಆರೋಗ್ಯಕರವೆನ್ನುವುದು ಅದರೊಳಗಿನ ಕೊಬ್ಬಿನಾಮ್ಲಗಳನ್ನು ನೋಡಿ. ಕೊಬ್ಬಿನಾಮ್ಲವೆಂದರೆ ಎಣ್ಣೆ, ತುಪ್ಪ, ನೆಣಗಳೆಲ್ಲವುಗಳ ಮೂಲಘಟಕ. ಇಂಗಾಲದ ಪರಮಾಣುಗಳು ಒಂದರ ಹಿಂದೊಂದು ಸೇರಿ ಆದ ಉದ್ದನೆಯ ಸರಪಣಿ. ಈ ಸರಪಣಿಯಲ್ಲಿ ಹಿಡಿಸುವಷ್ಟೂ ಜಲಜನಕ ತುಂಬಿಕೊಂಡಿದ್ದರೆ ಅದನ್ನು ಪರ್ಯಾಪ್ತ ಕೊಬ್ಬಿನಾಮ್ಲ ಎನ್ನುತ್ತಾರೆ. ತುಪ್ಪದಲ್ಲೂ ಕೊಬ್ಬರಿ ಎಣ್ಣೆಯಲ್ಲೂ ಇದು ಹೆಚ್ಚಾಗಿರುವುದರಿಂದಲೇ ಅವು ಚಳಿಗೆ ಗಟ್ಟಿಯಾಗುತ್ತವೆ. ಜಲಜನಕಕ್ಕೆ ಇನ್ನೂ ಜಾಗವುಳಿದಿರುವ ಸರಪಣಿ ಅಪರ್ಯಾಪ್ತ. ಅಂಥ ಎಡೆ ಒಂದೇ ಇದ್ದರೆ ಏಕ ಅಪರ್ಯಾಪ್ತ, ಹಲವಿದ್ದರೆ ಬಹು ಅಪರ್ಯಾಪ್ತ. ಬಹು ಅಪರ್ಯಾಪ್ತಗಳ ಪೈಕಿ ಲಿನೋಲಿಯಿಕ್ ಆಮ್ಲವು ಒಮೆಗಾ-6 ಎಂಬ ಬಳಗಕ್ಕೂ ಆಲ್ಫಾ ಲಿನೋಲೆನಿಕ್ ಆಮ್ಲವು ಒಮೆಗಾ-3 ಎಂಬ ಬಳಗಕ್ಕೂ ಸೇರುತ್ತವೆ. ಇವೆರಡನ್ನು ಮನುಷ್ಯದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಊಟದಿಂದಲೇ ಪಡೆಯಬೇಕು. ಎಳ್ಳೆಣ್ಣೆಯಲ್ಲಿ ಏಕ ಅಪರ್ಯಾಪ್ತವಾದ ಓಲಿಯಿಕ್ ಆಮ್ಲ ಮತ್ತು ಲಿನೋಲಿಯಿಕ್ ಆಮ್ಲ ಹೆಚ್ಚುಕಡಿಮೆ ಸಮಸಮವಾಗಿವೆ. ಕುಸುಬೆ ಮತ್ತು ಹುಚ್ಚೆಳ್ಳಿನ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲವೇ ಶೇಕಡಾ 70ರ ಆಸುಪಾಸಿನಲ್ಲಿದೆ. ಅಗಸೆಯ ಎಣ್ಣೆಯಲ್ಲಿ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಆಲ್ಫಾ ಲಿನೋಲೆನಿಕ್ ಆಮ್ಲವಿರುತ್ತದೆ.

ಇವುಗಳಲ್ಲಿ ಎಳ್ಳು ಬಹಳ ಹಳೆಯದು. ಹರಪ್ಪದ ಉತ್ಖನನದಲ್ಲಿ ಸುಟ್ಟು ಕರಕಲಾದ ಎಳ್ಳಿನ ರಾಶಿ ದೊರೆತಿರುವುದರಿಂದ ಈ ಬೆಳೆಯು ಭಾರತ ಉಪಖಂಡದಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನದೆಂಬುದು ಖಚಿತ. ಕನ್ನಡ ನಾಡಿನ ಅರಮನೆಗಳಲ್ಲಿ ಅದರ ಎಣ್ಣೆಗೆ ಇದ್ದ ಸ್ಥಾನವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಿಂದ ತಿಳಿಯಬಹುದು. ಆ ಸಂಸ್ಕೃತ ಗ್ರಂಥದಲ್ಲಿ ಅರಸನ ಊಟಕ್ಕೆ ಒಂದು ಭಾಗವಿರುವಂತೆಯೇ ಅವನ ಸ್ನಾನಕ್ಕೂ ಒಂದು ಭಾಗವಿದ್ದು, ಪರಿಮಳದ ಎಣ್ಣೆಯಿಂದ ಮೈ ತಿಕ್ಕಿಸಿಕೊಳ್ಳುವ ವಿಧಿಗೆ ಅಲ್ಲಿ ಜಾಗವಿದೆ. ಸಾಮಾನ್ಯರ ಬದುಕಿನಲ್ಲಿ ಕೂಡ ನರಕ ಚತುರ್ದಶಿಯ ಅಭ್ಯಂಜನ, ಸಂಕ್ರಾಂತಿಯ ಎಳ್ಳು-ಬೆಲ್ಲ, ಬಡಗಣ ಸೀಮೆಯ ಎಳ್ಳಮಾವಾಸ್ಯೆಯಂದು ಹೊಲಕ್ಕೆ ಎಡೆ ಚೆಲ್ಲುವ ಚರಗದ ಬುತ್ತಿಗೆಂದು ಎಳ್ಳು ಹಚ್ಚಿ ತಟ್ಟಿದ ಸಜ್ಜೆ ರೊಟ್ಟಿ, ಇವು ಎಳ್ಳಿನ ಕ್ಯಾಲೆಂಡರನ್ನು ಹೇಳುತ್ತವೆ. ಅವುಗಳಲ್ಲಿ ಹೆಚ್ಚಿನವು ಚಳಿಗಾಲದವು, ಹಬ್ಬದವು. ನಿತ್ಯದ ಅಡುಗೆಯಲ್ಲಿ ಕರಿದ ತಿಂಡಿ ಉಳ್ಳವರ ಮನೆಯ ಮಾತಾಗಿತ್ತು; ಬಡವರ ಮನೆಯಲ್ಲಿ ಒಗ್ಗರಣೆಗೆ ಬಿದ್ದ ಎಣ್ಣೆ ಎಷ್ಟು ಕಡಿಮೆಯೆಂಬುದನ್ನು ಗಾಣ ಕೆಲಸ ಮಾಡುತ್ತಿದ್ದ ಬಗೆಯೇ ತಿಳಿಸಿಕೊಡುತ್ತದೆ.

ಗಾಣವೆಂದರೆ ನೆಲದಲ್ಲಿ ಹೂತು ನಿಲ್ಲಿಸಿದ ದೊಡ್ಡ ಒರಳು. ಕೆಲವು ಸೀಮೆಗಳಲ್ಲಿ ಅದು ಕಲ್ಲಿನದು, ಕೆಲವೆಡೆ ಗಟ್ಟಿ ಮರದ ಬೊಡ್ಡೆಯದು. ಒರಳಿನ ಗುಣಿಯಲ್ಲಿ ಓರೆಯಾಗಿ ನಿಂತ ಮರದ ಒನಕೆಯ ಮೇಲ್ತುದಿಯನ್ನು ಅಡ್ಡಮರಕ್ಕೆ ಬಿಗಿದು, ಆ ಅಡ್ಡಮರದ ಮೇಲೆ ಕಲ್ಲು ಹೇರಿ, ಕಣ್ಣಿಗೆ ಬಟ್ಟೆ ಕಟ್ಟಿದ ಎತ್ತನ್ನು ಸುತ್ತು ತಿರುಗಿಸಿದರೆ ಒನಕೆಯು ಗುಣಿಯ ಗೋಡೆಗೆ ಒತ್ತಿಕೊಂಡು ಉರುಳುತ್ತ ಕಾಳನ್ನು ಅರೆಯುತ್ತದೆ. ಕಾಳು ಹಿಟ್ಟಾಗಿ ಉಂಡೆಗಟ್ಟುವ ಹದಕ್ಕೆ ಗಾಣಿಗನು ತುಸು ನೀರು ಚಿಮುಕಿಸುತ್ತಿದ್ದ. ಈ ನೀರು ಹೆಚ್ಚಾದರೆ ಎಣ್ಣೆ ಬೇಗ ಕೆಡುತ್ತದೆ, ಕಡಿಮೆಯಾದರೆ ಎಣ್ಣೆ ಹಿಂಡಿಯಿಂದ ಬಿಡುವುದೇ ಇಲ್ಲ. ಕಸುಬಿನ ಜಾಣ್ಮೆಯೆಲ್ಲ ಇದ್ದದ್ದು ಇಲ್ಲಿ. ಕೆಲವು ಗಾಣಗಳಲ್ಲಿ ಎಣ್ಣೆ ಬುಡದ ರಂಧ್ರದಿಂದ ಹರಿದು ಪಾತ್ರೆಗೆ ಬೀಳುತ್ತಿತ್ತು, ರಂಧ್ರವಿಲ್ಲದ ಗಾಣಗಳಲ್ಲಿ ಬಟ್ಟೆ ಅದ್ದಿ ಹಿಂಡಿಕೊಳ್ಳಬೇಕಿತ್ತು. ಇಷ್ಟು ಮಾಡಿದರೂ ಕಾಳಿನ ಎಣ್ಣೆಯೆಲ್ಲ ಹೊರಗೆ ಬರುತ್ತಿರಲಿಲ್ಲ, ಹಿಂಡಿಯ ತೂಕದಲ್ಲಿ ಶೇಕಡಾ ಹತ್ತಕ್ಕಿಂತ ಹೆಚ್ಚು ಎಣ್ಣೆ ಉಳಿದು ದನದ ಹೊಟ್ಟೆಗೆ ಹೋಗುತ್ತಿತ್ತು. ಒಂದು ಗಾಣ, ಒಂದು ಎತ್ತು, ಒಂದು ದಿನದ ದುಡಿಮೆಗೆ ದೊರೆಯುತ್ತಿದ್ದ ಕೆಲವೇ ಸೇರು ಎಣ್ಣೆಯಲ್ಲಿ ಇಡೀ ಊರಿನ ದೀಪ, ತಲೆ, ಬಂಡಿಯ ಕೀಲು, ಒಗ್ಗರಣೆ ಎಲ್ಲವೂ ಪಾಲು ಪಡೆಯಬೇಕಾಗಿತ್ತು.

ಹಳೆಯ ಮೈಸೂರು ಸೀಮೆಯಲ್ಲಿ ಗಾಣದ ಕಲ್ಲಿನ ಮೇಲೆಯೇ ಕೆತ್ತಿದ ಬರಹಗಳು ದೊರೆತಿವೆ. ಕಲ್ಲಿನ ಗಾಣವನ್ನು ಊರಿಗೆ ಅಥವಾ ದೇವಸ್ಥಾನಕ್ಕೆ ಮಾಡಿಸಿಕೊಡುವುದು ಕೆರೆ ಕಟ್ಟಿಸುವಂಥ ಪುಣ್ಯದ ಕೆಲಸವೆನಿಸಿತ್ತು. ವಸಾಹತು ಕಾಲದ ದಾಖಲೆಗಳು ಮೈಸೂರು ಸಂಸ್ಥಾನದ ಗಾಣಿಗರಲ್ಲಿ ಕಲ್ಲಿನ ಗಾಣಕ್ಕೆ ಎರಡು ಎತ್ತು ಕಟ್ಟುವ ಹೆಗ್ಗಾಣಿಗರು, ಮರದ ಗಾಣ ನಡೆಸುವ ಕಿರುಗಾಣಿಗರು, ಒಂದೇ ಎತ್ತಿನವರು ಎಂಬ ಒಳಪಂಗಡಗಳನ್ನು ಗುರುತಿಸಿ, ಒಟ್ಟಾಗಿ ಇವರನ್ನು ಜ್ಯೋತಿಪಣ ಅಥವಾ ಜ್ಯೋತಿನಗರದವರು ಎನ್ನುತ್ತಿದ್ದುದನ್ನು ಹೇಳುತ್ತವೆ. ಕಸುಬಿನವರು ತಮ್ಮನ್ನು ಬೆಳಕು ಕೊಡುವವರೆಂದು ಹೇಳಿಕೊಂಡರೇ ಹೊರತು ಅಡುಗೆಗೆ ಎಣ್ಣೆ ಕೊಡುವವರೆಂದಲ್ಲ. ಕೊಳ್ಳೇಗಾಲದಲ್ಲಿ 1923ರಲ್ಲಿ ಹುಟ್ಟಿ ಎಣ್ಣೆಗಳ ರಸಾಯನ ವಿಜ್ಞಾನಿಯಾಗಿಯೂ ಭಾರತದ ಆಹಾರ ಚರಿತ್ರೆಕಾರರಾಗಿಯೂ ಹೆಸರಾದ ಕೆ.ಟಿ. ಅಚಯ ಅವರು ಎಣ್ಣೆಕಾಳು ಮತ್ತು ಎಣ್ಣೆ ತೆಗೆಯುವ ವಿಧಾನಗಳ ಚರಿತ್ರೆಯನ್ನು 1990ರಲ್ಲೂ ಗಾಣವೊಂದನ್ನೇ ಕುರಿತ ಪುಸ್ತಕವನ್ನು 1993ರಲ್ಲೂ ಪ್ರಕಟಿಸಿದರು. ಈ ವಿಷಯದ ಬಗೆಗೆ ಬರೆಯುವ ಯಾರೇ ಆಗಲಿ ಅವರ ಋಣವನ್ನು ಒಪ್ಪಲೇಬೇಕು.

ಎಣ್ಣೆ ಹೀಗೆ ದುರ್ಲಭವಾಗಿದ್ದ ಕಾಲದಲ್ಲಿ ಒಳ್ಳೆಯ ಕೊಬ್ಬು ಜನರ ಹೊಟ್ಟೆಗೆ ಹೋದ ಮುಖ್ಯ ದಾರಿ ಎಣ್ಣೆಯಲ್ಲ, ಕಾಳು. ಇದನ್ನು ಉತ್ತರ ಕರ್ನಾಟಕದ ಎರೆಭೂಮಿಯ ಊಟ ಚೆನ್ನಾಗಿ ತೋರಿಸುತ್ತದೆ. ವಿಜಯಪುರ, ಕಲಬುರಗಿ, ಧಾರವಾಡ, ಬಾಗಲಕೋಟೆಗಳ ಕಪ್ಪು ಮಣ್ಣಿನಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆಗಳ ಜೊತೆಯಲ್ಲಿ ಕುಸುಬೆ, ಅಗಸೆಗಳನ್ನು ಸಾಲು ಬಿಟ್ಟು ಸಾಲು ಅಕ್ಕಡಿಯಾಗಿ ಬಿತ್ತುವ ಪದ್ಧತಿ ಹಿಂದಿನಿಂದ ಬಂದದ್ದು. ಮೈತುಂಬ ಮುಳ್ಳಿರುವ ಕುಸುಬೆಯನ್ನು ಹೊಲದ ಅಂಚಿಗೆ ಬಿತ್ತಿದರೆ ದನ ಒಳಗೆ ನುಗ್ಗುವುದಿಲ್ಲವಾದ್ದರಿಂದ ಅದು ಬೇಲಿಯೂ ಆಗಿತ್ತು, ಬೆಳೆಯೂ ಆಗಿತ್ತು. ಎಳೆಯ ಗಿಡದ ಎಲೆ ಪಲ್ಯಕ್ಕೆ, ಬೀಜ ರುಬ್ಬಿ ಹಿಂಡಿದ ಹಾಲು ಹುಗ್ಗಿಗೆ, ಗಾಣಕ್ಕೆ ಹಾಕಿದರೆ ರೊಟ್ಟಿಯ ಜೊತೆ ಹಸಿಯಾಗಿಯೇ ಹಾಕಿಕೊಳ್ಳುವ ಎಣ್ಣೆ. ಅಗಸೆಯದು ಇನ್ನೂ ವಿಶೇಷ. ಕಾಳನ್ನು ಹಂಚಿನ ಮೇಲೆ ಹದವಾಗಿ, ಚಟಪಟ ಸಿಡಿಯುವವರೆಗೆ ಹುರಿದು, ಆರಿದ ಮೇಲೆ ಒಣಮೆಣಸಿನಕಾಯಿ ಅಥವಾ ಕೆಂಪುಖಾರ, ಬೆಳ್ಳುಳ್ಳಿ, ಉಪ್ಪು, ಒಂದಿಷ್ಟು ಹುಣಸೆ ಸೇರಿಸಿ ಒರಳಲ್ಲಿ ಕುಟ್ಟಿದ ಪುಡಿಗೆ ಅಲ್ಲಿಯ ಜನ ಅಗಸಿ ಹಿಂಡಿ ಎನ್ನುತ್ತಾರೆ; ಗುರೆಳ್ಳು (ಹುಚ್ಚೆಳ್ಳು) ಹಿಂಡಿ, ಶೇಂಗಾ (ಕಡಲೆಕಾಯಿ) ಹಿಂಡಿಗಳೂ ಹೀಗೆಯೇ ಆಗುತ್ತವೆ. ಅಗಸೆ ಕಾಳಿನ ನುಣುಪು ಸಿಪ್ಪೆ ಎಷ್ಟು ಗಟ್ಟಿಯೆಂದರೆ ಇಡಿಯಾಗಿ ನುಂಗಿದ ಕಾಳು ಜೀರ್ಣವಾಗದೆ ಹೊರಬೀಳುವುದೇ ಹೆಚ್ಚು. ಹುರಿದು ಕುಟ್ಟಿದಾಗ ಸಿಪ್ಪೆ ಒಡೆದು ಒಳಗಿನ ಕೊಬ್ಬು ದೇಹಕ್ಕೆ ದಕ್ಕುತ್ತದೆ. ಅಗಸೆಯ ಎಣ್ಣೆ ಗಾಳಿ ಸೋಕಿದರೆ ಬೇಗ ಮುಗ್ಗುವುದರಿಂದ ಅದನ್ನು ತೆಗೆದಿಟ್ಟು ಬಳಸುವುದು ಕಷ್ಟ, ಆದರೆ ಕಾಳಿನೊಳಗೆ ಅದು ತಿಂಗಳುಗಟ್ಟಲೆ ಕೆಡದು. ರಸಾಯನ ಶಾಸ್ತ್ರದ ಹೆಸರುಗಳೊಂದನ್ನೂ ಅರಿಯದ ಹೆಂಗಸರು ರುಚಿಯನ್ನೂ ಬಾಳಿಕೆಯನ್ನೂ ನೋಡಿಕೊಂಡು ರೂಢಿಸಿದ ಈ ಕ್ರಮವು, ಕರ್ನಾಟಕದ ಒಳನಾಡಿನ ಮೀನು ತಿನ್ನದ ಜನಕ್ಕೆ ಒಮೆಗಾ-3ರ ಅತ್ಯಂತ ಸಮೃದ್ಧ ಮೂಲವನ್ನು ದಿನದ ಊಟದೊಳಗೆ ಇರಿಸಿತ್ತು. ಈ ನಾಡಿನ ಆಹಾರ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ.

ದಕ್ಷಿಣದ ರಾಗಿ ಸೀಮೆಯಲ್ಲಿ ಇದೇ ಸ್ಥಾನ ಹುಚ್ಚೆಳ್ಳಿನದು. ಇಥಿಯೋಪಿಯ ಮೂಲದ ಈ ಗಿಡ ಯಾವ ಕಾಲದಲ್ಲೋ ಸಮುದ್ರ ದಾಟಿ ಬಂದು ರಾಗಿ ಹೊಲದ ಅಕ್ಕಡಿ ಸಾಲಾಗಿ ನೆಲೆಸಿತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ಎಳ್ಳು, ಹುಚ್ಚೆಳ್ಳು, ಹರಳುಗಳ ಸಾಗುವಳಿಯನ್ನೂ ಗಾಣಿಗರ ಕೆಲಸವನ್ನೂ ವಿವರವಾಗಿ ದಾಖಲಿಸಿದ್ದಾನೆ. ಹರಳೆಣ್ಣೆ, ಹೊಂಗೆ ಎಣ್ಣೆ, ಇಪ್ಪೆ ಎಣ್ಣೆಗಳು ದೀಪಕ್ಕೆ ಸಲ್ಲುತ್ತಿದ್ದವು. ಮಲೆನಾಡಿನ ಅಂಚಿನಲ್ಲಿ ಮುರುಗಲು ಬೀಜದಿಂದ ತುಪ್ಪದಂತೆ ಗಟ್ಟಿಯಾಗುವ ಕೊಬ್ಬನ್ನು ತೆಗೆಯುವ ರೂಢಿ ಇದೆ.

ಕರಾವಳಿಯ ಚರಿತ್ರೆ ಬೇರೆಯೇ. ಅಲ್ಲಿಯ ಅಡುಗೆಯ ಎಣ್ಣೆ ತೆಂಗಿನದು, ಅದರಲ್ಲಿ ಪರ್ಯಾಪ್ತ ಕೊಬ್ಬಿನಾಮ್ಲಗಳೇ ಶೇಕಡಾ 90ರಷ್ಟು. ಆದರೆ ಅದೇ ಊಟದ ಎಲೆಯಲ್ಲಿ ಬೂತಾಯಿ ಇತ್ತು. ಕಾರವಾರದ ಕಡೆ ತಾರ್ಲೆ ಎಂದು ಕರೆಯಲಾಗುವ ಈ ಸಣ್ಣ ಮೀನು ಮಳೆಗಾಲ ಕಳೆದ ತಿಂಗಳುಗಳಲ್ಲಿ ಮೈತುಂಬ ಕೊಬ್ಬು ಕಟ್ಟಿಕೊಂಡು ದಡದ ಹತ್ತಿರ ಹಿಂಡುಹಿಂಡಾಗಿ ಬರುತ್ತದೆ, ಮತ್ತು ಆ ಕೊಬ್ಬಿನಲ್ಲಿ ಇಪಿಎ, ಡಿಎಚ್‌ಎ ಎಂದು ಚುಟುಕಾಗಿ ಕರೆಯಲಾಗುವ, ಮಿದುಳಿಗೂ ಕಣ್ಣಿಗೂ ಬೇಕಾದ ಉದ್ದ ಸರಪಣಿಯ ಒಮೆಗಾ-3 ಆಮ್ಲಗಳಿವೆ. ಅಗಸೆಯಲ್ಲಿರುವ ಆಲ್ಫಾ ಲಿನೋಲೆನಿಕ್ ಆಮ್ಲವನ್ನು ದೇಹವು ಇವುಗಳಾಗಿ ಮಾರ್ಪಡಿಸಿಕೊಳ್ಳುವುದು ಅತ್ಯಲ್ಪ ಪ್ರಮಾಣದಲ್ಲಿ ಮಾತ್ರವಾದ್ದರಿಂದ ಮೀನಿನ ಸ್ಥಾನವನ್ನು ಕಾಳು ಪೂರ್ತಿ ತುಂಬಲಾರದು. ಇಂಥ ಮೀನನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮಲಬಾರ್ ಮತ್ತು ದಕ್ಷಿಣ ಕನ್ನಡ ತೀರದುದ್ದಕ್ಕೂ ದೊಡ್ಡ ಕಡಾಯಿಗಳಲ್ಲಿ ಕುದಿಸಿ, ಮೇಲೆ ತೇಲುವ ಎಣ್ಣೆಯನ್ನು ತೆಗೆದು ದೋಣಿಗಳಿಗೆ ಬಳಿಯಲು, ಚರ್ಮ ಹದಮಾಡಲು, ದೀಪ ಉರಿಸಲು ಬಳಸಿದರು. ಉಳಿದ ಚರಟ ತೆಂಗಿಗೂ ಕಾಫಿ ತೋಟಗಳಿಗೂ ಗೊಬ್ಬರವಾಗಿ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನಿಂದ ಕಾಡ್ ಮೀನಿನ ಯಕೃತ್ತಿನ ಎಣ್ಣೆ ಬರುವುದು ನಿಂತಾಗ, ದಕ್ಷಿಣ ಕನ್ನಡವನ್ನೂ ಒಳಗೊಂಡಿದ್ದ ಅಂದಿನ ಮದ್ರಾಸ್ ಸರ್ಕಾರವು ಕೋಯಿಕ್ಕೋಡಿನಲ್ಲಿ ಶಾರ್ಕ್ ಯಕೃತ್ತಿನ ಎಣ್ಣೆ ತೆಗೆಯುವ ಕಾರ್ಖಾನೆ ನಡೆಸಿತು. ಅದು ಎ ಜೀವಸತ್ವಕ್ಕಾಗಿ ಆದ ಕೆಲಸ. ಮೀನೆಣ್ಣೆಯ ಕೊಬ್ಬಿನಾಮ್ಲಗಳ ಬೆಲೆ ಅಂದು ಯಾರಿಗೂ ಗೊತ್ತಿರಲಿಲ್ಲ.

ಎಣ್ಣೆಯನ್ನು ದೀಪದಿಂದ ಬಿಡಿಸಿದ್ದು ಸೀಮೆಎಣ್ಣೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕ, ರಷ್ಯ ಮತ್ತು ಬರ್ಮಾಗಳ ಸೀಮೆಎಣ್ಣೆ ಭಾರತದ ಹಳ್ಳಿಗಳನ್ನು ಹೊಕ್ಕಾಗ ಜ್ಯೋತಿನಗರದವರ ಹಳೆಯ ಗಿರಾಕಿ ಕೈಬಿಟ್ಟುಹೋದ, ದೇವರ ಮುಂದಿನ ದೀಪವಷ್ಟೇ ಅವರ ಪಾಲಿಗೆ ಉಳಿಯಿತು. ಅದೇ ಹೊತ್ತಿಗೆ ದಕ್ಷಿಣ ಅಮೆರಿಕ ಮೂಲದ ಕಡಲೆಕಾಯಿ ಒಣಭೂಮಿಯನ್ನು ಆವರಿಸತೊಡಗಿತ್ತು. ಮದ್ರಾಸ್ ಪ್ರಾಂತದ ತೀರದಿಂದ ಫ್ರಾನ್ಸಿನ ಮಾರ್ಸೇಯ ಬಂದರಿನ ಎಣ್ಣೆ ಮತ್ತು ಸಾಬೂನು ಕಾರ್ಖಾನೆಗಳಿಗೆ ಹಡಗು ತುಂಬಿ ಹೋಗುತ್ತಿದ್ದ ಈ ಬೆಳೆಯು ಬಳ್ಳಾರಿ, ರಾಯಚೂರು, ಚಿತ್ರದುರ್ಗ, ಪಾವಗಡ, ಕೋಲಾರಗಳಲ್ಲಿ ಬೇರೂರಿ, ಮುಂದೆ ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರನ್ನೇ ತಂದುಕೊಟ್ಟಿತು. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯನ್ನು ನೋಡಿದವರಿಗೆ ಇದು ಹೊರಗಿನಿಂದ ಬಂದ ಬೆಳೆಯೆಂದು ನಂಬುವುದು ಕಷ್ಟ. ಓಲಿಯಿಕ್ ಆಮ್ಲ ಹೆಚ್ಚಾಗಿರುವ ಕಡಲೆಕಾಯಿ ಎಣ್ಣೆ ಕಾಯಿಸಿದರೆ ಬೇಗ ಕೆಡದು, ಕಾಳಿನಲ್ಲಿ ಎಣ್ಣೆಯ ಪ್ರಮಾಣವೂ ಹೆಚ್ಚು. ಬೋಂಡ, ಬಜ್ಜಿಗಳು ಸಾಮಾನ್ಯರ ತಿಂಡಿಗಳಾದದ್ದರಲ್ಲಿ ಈ ಕಾಳಿನ ಪಾಲು ದೊಡ್ಡದು.

ಕೊಬ್ಬಿನ ಬಗೆಗಿನ ವಿಜ್ಞಾನ ಬೆಳೆದದ್ದು ಮತ್ತೊಂದು ದಿಕ್ಕಿನಲ್ಲಿ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿಗಳು ಕೊಬ್ಬಿನ ಲವಲೇಶವೂ ಇಲ್ಲದ ಆಹಾರವನ್ನು ಇಲಿಗಳಿಗೆ ಕೊಟ್ಟಾಗ ಅವುಗಳ ಬೆಳವಣಿಗೆ ಕುಂಠಿತವಾಗಿ, ಬಾಲದ ಚರ್ಮ ಹೊಪ್ಪಳಿಕೆಯೆದ್ದು, ಕೊನೆಗೆ ಅವು ಸತ್ತದ್ದನ್ನು ಕಂಡು, ಲಿನೋಲಿಯಿಕ್ ಆಮ್ಲದಿಂದ ಆ ಕಾಯಿಲೆ ವಾಸಿಯಾಗುವುದನ್ನು 1929 ಮತ್ತು 1930ರಲ್ಲಿ ಪ್ರಕಟಿಸಿದರು. ಕೊಬ್ಬು ಬರಿಯ ಉರುವಲಲ್ಲ, ಅದರೊಳಗೆ ಬದುಕಿಗೆ ಅಗತ್ಯವಾದ ಅಂಶವಿದೆಯೆಂದು ಮೊದಲಿಗೆ ಸಿದ್ಧವಾದದ್ದು ಹೀಗೆ. ಆದರೆ ಅದೇ ಹೊತ್ತಿಗೆ ಭಾರತದಲ್ಲಿ ಬೆಳೆದದ್ದು ಆ ಅಂಶವನ್ನೇ ಅಳಿಸಿಹಾಕುವ ಉದ್ಯಮ. ಎಣ್ಣೆಯೊಳಗೆ ಜಲಜನಕ ಹಾಯಿಸಿ ಅದನ್ನು ತುಪ್ಪದಂತೆ ಗಟ್ಟಿ ಮಾಡುವ ವಿಧಾನಕ್ಕೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ಪೇಟೆಂಟ್ ಪಡೆದಿದ್ದ. 1930ರ ದಶಕದಲ್ಲಿ ಮುಂಬಯಿಯಲ್ಲಿ ತಯಾರಾಗತೊಡಗಿದ ಡಾಲ್ಡಾ ಈ ವಿಧಾನದ ವನಸ್ಪತಿಯನ್ನು ಮನೆಮಾತಾಗಿಸಿತು. ಜಲಜನಕ ಅರೆಬರೆಯಾಗಿ ಸೇರಿದಾಗ ಉಳಿದ ಅಪರ್ಯಾಪ್ತ ಎಡೆಗಳ ಆಕಾರ ತಿರುಚಿಕೊಂಡು ಟ್ರಾನ್ಸ್ ಕೊಬ್ಬು ಉಂಟಾಗುತ್ತದೆ, ಹೃದಯಕ್ಕೆ ಅದು ಪರ್ಯಾಪ್ತ ಕೊಬ್ಬಿಗಿಂತಲೂ ಕೆಡುಕು. ವನಸ್ಪತಿಯನ್ನು ತುಪ್ಪಕ್ಕೆ ಬೆರೆಸಿ ಮಾರುವ ಮೋಸವನ್ನು ಹಿಡಿಯಲು ಸರ್ಕಾರವು ವನಸ್ಪತಿಗೆ ಶೇಕಡಾ 5ರಷ್ಟು ಎಳ್ಳೆಣ್ಣೆ ಸೇರಿಸಬೇಕೆಂದು ನಿಯಮ ಮಾಡಿತು, ಏಕೆಂದರೆ ಬೌಡೊಯಿನ್ ಪರೀಕ್ಷೆ ಎಂಬ ರಾಸಾಯನಿಕ ತಪಾಸಣೆಯಲ್ಲಿ ಎಳ್ಳೆಣ್ಣೆ ಕೆಂಪು ಬಣ್ಣ ತಿರುಗಿ ತನ್ನನ್ನು ತೋರಿಸಿಕೊಡುತ್ತದೆ. ಟ್ರಾನ್ಸ್ ಕೊಬ್ಬಿಗೆ ಕಡಿವಾಣ ಬಿದ್ದದ್ದು ಬಹಳ ತಡವಾಗಿ. ಶೇಕಡಾ 2ರ ಮಿತಿ ದೇಶದಲ್ಲಿ ಜಾರಿಯಾದದ್ದು 2022ರ ಜನವರಿಯಲ್ಲಿ.

ವನಸ್ಪತಿಯನ್ನು ಆರಂಭದಲ್ಲೇ ವಿರೋಧಿಸಿದವರು ಗಾಂಧೀಜಿ. ಅವರ ಪ್ರೇರಣೆಯಿಂದ 1934ರ ಕೊನೆಯಲ್ಲಿ ಸ್ಥಾಪನೆಯಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಕಾರ್ಯಕರ್ತ ಝವೇರಭಾಯಿ ಪಟೇಲರು ವರ್ಧಾದಲ್ಲಿ ಎತ್ತಿನ ಶ್ರಮ ಕಡಿಮೆ ಮಾಡಿ ಇಳುವರಿ ಹೆಚ್ಚಿಸುವ ಸುಧಾರಿತ ಗಾಣವನ್ನು ರೂಪಿಸಿದರು. ಮುಂದೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಅದನ್ನು ಊರೂರಿಗೆ ಒಯ್ಯಲು ಯತ್ನಿಸಿತು. ಆ ಯತ್ನ ಸೋತದ್ದು ಗುಣದಲ್ಲಲ್ಲ, ಲೆಕ್ಕದಲ್ಲಿ. ತಿರುಪಿನ ಒತ್ತಡದಿಂದ ಹಿಂಡುವ ಎಕ್ಸ್‌ಪೆಲ್ಲರ್ ಯಂತ್ರ ಹಿಂಡಿಯಲ್ಲಿ ಗಾಣಕ್ಕಿಂತ ಕಡಿಮೆ ಎಣ್ಣೆ ಉಳಿಸುತ್ತಿತ್ತು, ಹೆಕ್ಸೇನ್ ಎಂಬ ದ್ರಾವಕದಲ್ಲಿ ಎಣ್ಣೆಯನ್ನು ಕರಗಿಸಿ ತೆಗೆಯುವ ಕಾರ್ಖಾನೆ ಬಹುಮಟ್ಟಿಗೆ ಏನನ್ನೂ ಉಳಿಸುತ್ತಿರಲಿಲ್ಲ. ಗಾಣದ ಎಣ್ಣೆಗೆ ಪವಾಡಗಳನ್ನು ಆರೋಪಿಸುವ ಇಂದಿನ ಮಾತುಗಳನ್ನು ಒಪ್ಪಬೇಕಾಗಿಲ್ಲ, ಕಾಳಿನ ಕೊಬ್ಬಿನಾಮ್ಲಗಳನ್ನು ಗಾಣ ಬದಲಿಸುವುದಿಲ್ಲ. ಅದು ಉಳಿಸಿಕೊಡುವುದು ಕಾಳಿನ ಪರಿಮಳವನ್ನು ಮತ್ತು ಎಳ್ಳೆಣ್ಣೆಯಲ್ಲಿ ಕಾಣುವಂಥ, ಕೆಡದಂತೆ ತಡೆಯುವ ಕೆಲವು ಅಂಶಗಳನ್ನು.

ಗಾಣಕ್ಕಿಂತ ದೊಡ್ಡ ನಷ್ಟ ಕಾಳಿನ ವೈವಿಧ್ಯದ್ದು. 1969ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ತಳಿಗಳಿಂದ ಭಾರತದಲ್ಲಿ ಸೂರ್ಯಕಾಂತಿಯ ವಾಣಿಜ್ಯ ಬೇಸಾಯಕ್ಕೆ ದಾರಿಯಾಯಿತು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1980ರಲ್ಲಿ ದೇಶದ ಮೊದಲ ಸೂರ್ಯಕಾಂತಿ ಸಂಕರ ತಳಿ ಬಿಎಸ್‌ಎಚ್-1 ಅನ್ನು ಹೊರತಂದಿತು, ಕರ್ನಾಟಕ ಈ ಬೆಳೆಯಲ್ಲಿ ದೇಶದ ಮುಂಚೂಣಿಗೆ ಬಂತು. ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ 1986ರಲ್ಲಿ ಶುರುವಾಗಿ ಕೆಲವು ವರ್ಷ ದೇಶವನ್ನು ಸ್ವಾವಲಂಬನೆಯ ಹತ್ತಿರಕ್ಕೆ ತಂದಿತ್ತು. 1994ರಲ್ಲಿ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆದ ಮೇಲೆ ಆ ಗಳಿಕೆ ಕರಗಿತು. ಇಂದು ದೇಶ ಉಣ್ಣುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಅದರಲ್ಲಿ ದೊಡ್ಡ ಪಾಲು ತಾಳೆ ಎಣ್ಣೆಯದು, ಆ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಪರ್ಯಾಪ್ತ ಕೊಬ್ಬು. ಮನೆಗಳಲ್ಲಿ ಉಳಿದ ಜಾಗವನ್ನು ಒಮೆಗಾ-6 ತುಂಬಿದ ಸೂರ್ಯಕಾಂತಿ ಎಣ್ಣೆ ಆಕ್ರಮಿಸಿದೆ. ಡೆನ್ಮಾರ್ಕಿನ ಬ್ಯಾಂಗ್ ಮತ್ತು ಡೈಯರ್‌ಬರ್ಗ್ 1970ರ ದಶಕದಲ್ಲಿ ಗ್ರೀನ್‌ಲ್ಯಾಂಡಿನ ಇನುಯಿಟ್ ಜನರ ಮೀನೂಟವನ್ನು ಅಧ್ಯಯನ ಮಾಡಿದ ಮೇಲೆ, ಅವರ ಕೆಲವು ನಿರ್ಣಯಗಳನ್ನು ಮುಂದಿನವರು ಪ್ರಶ್ನಿಸಿದರೂ, ಒಮೆಗಾ-3ರ ಮಹತ್ವ ಜಗತ್ತಿಗೆಲ್ಲ ತಿಳಿಯಿತು. ಅದು ತಿಳಿದ ಕಾಲದಲ್ಲೇ ಎರೆಭೂಮಿಯ ಅಕ್ಕಡಿ ಸಾಲುಗಳಿಂದ ಅಗಸೆ ಮರೆಯಾಗುತ್ತ, ಕರಾವಳಿಯ ಬೂತಾಯಿಯಲ್ಲಿ ಒಂದು ಪಾಲು ಮೀನುಹುಡಿ ಕಾರ್ಖಾನೆಗಳ ಪಾಲಾಗುತ್ತ ಬಂತು.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಪ್ರೋತ್ಸಾಹಿಸಿದ ಮೆಕ್ಸಿಕೊ ಮೂಲದ ಚಿಯಾವನ್ನು ಇಂದು ಮೈಸೂರು ಸೀಮೆಯ ರೈತರು ಬೆಳೆಯುತ್ತಿದ್ದಾರೆ, ಅದರ ಬೀಜದಲ್ಲೂ ಆಲ್ಫಾ ಲಿನೋಲೆನಿಕ್ ಆಮ್ಲ ಸಮೃದ್ಧವಾಗಿದೆ. ಹೊಸ ಬೆಳೆ ಬರುವುದರಲ್ಲಿ ತಪ್ಪಿಲ್ಲ, ಕಡಲೆಕಾಯಿಯೂ ಹಾಗೆಯೇ ಬಂದದ್ದು. ಆದರೆ ಶತಮಾನಗಳಿಂದ ಇದೇ ನೆಲದಲ್ಲಿ ಬೆಳೆದು, ಇದೇ ನೆಲದ ರೊಟ್ಟಿಯ ಜೊತೆ ಉಂಡು ಅರಗಿಸಿಕೊಂಡ ಅಗಸೆಗೆ ಸಮನಾದ ಆಸರೆ ಸಿಗಬೇಕು. ಕಡಲೆಕಾಯಿ, ಎಳ್ಳು, ಸೂರ್ಯಕಾಂತಿ, ಕುಸುಬೆ, ಹುಚ್ಚೆಳ್ಳುಗಳಿಗೆ ಕೇಂದ್ರ ಸರ್ಕಾರ ಪ್ರತಿವರ್ಷ ಕನಿಷ್ಠ ಬೆಂಬಲ ಬೆಲೆ ಘೋಷಿಸುತ್ತದೆ. ಆ ಪಟ್ಟಿಯಲ್ಲಿ ಅಗಸೆ ಇಲ್ಲ. ಅದನ್ನು ಸೇರಿಸಬೇಕು, ಮತ್ತು ಸೇರಿಸುವಂತೆ ಮೊದಲು ಕೇಳಬೇಕಾದವರು ಅಗಸಿ ಹಿಂಡಿ ಉಂಡು ಬೆಳೆದ ಸೀಮೆಯ ಜನಪ್ರತಿನಿಧಿಗಳು.